ಕೊರಿಯಾದ ಸೀಗಡಿ, ಬಬಲೇಶ್ವರದ ರಂಜಕ

ನನಗೆ ಬರೆದು ರೂಢಿಯಿಲ್ಲ. ನಗು ಬರಬೇಕಾದಲ್ಲಿ ಬಾರದಿದ್ದರೆ ತಪ್ಪು ನನ್ನದು, ಕ್ಷಮಿಸಿ. ನಮ್ಮ ಅತ್ತೆಯ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ, ಯಾಕೆಂದರೆ ಅಲ್ಲಿ ನನ್ನ ಹೆಂಡತಿಯ ತಮ್ಮ ಇದ್ದಾನೆ. ಬಬಲೇಶ್ವರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅಂದರೆ ಇಡೀ ದಿನ ವಿಡಿಯೋ ನೋಡುತ್ತಾನೆ, ನಡುವೆ ಯಾರಾದರೂ ಬಂದರೆ ರಿಪೇರಿ ಮಾಡುತ್ತಾನೆ.

ಅವನಿಗೆ ತಿಕೋಟಾದ ಹುಡುಗಿಯನ್ನು ನೋಡಿದ್ದೆವು. ಹುಡುಗಿ ಒಪ್ಪಿದ್ದಳು, ಆಕೆಯ ಸೋದರಮಾವ ಒಪ್ಪಿರಲಿಲ್ಲ. ಅವರು ಹೂಂ ಅನ್ನದೆ ಆ ಮನೆಯಲ್ಲಿ ಏನೂ ಆಗುವುದಿಲ್ಲ. ಅವರೇ ಹುಡುಗನ ಮನೆ ನೋಡಲು ಬರುವವರಿದ್ದರು. ಹಾಗೆ ಬಂದವರಿಗೆ ನಮ್ಮಲ್ಲಿ ಸೂಸಲ, ಅಂದರೆ ಒಗ್ಗರಣೆ ಹಾಕಿದ ಚುರುಮುರಿ, ಜೊತೆಗೆ ಚಹಾ ಕೊಡುತ್ತಾರೆ. ಇವನು ವಿಡಿಯೋ ನೋಡಿ ಕೊರಿಯಾದ ಸೀಗಡಿ ಮಾಡುತ್ತೇನೆಂದ. ಎರಡೂ ಮನೆಯವರು ಖಂಡ ತಿನ್ನುವವರೇ, ಅದು ಅಡ್ಡಿಯಲ್ಲ. ಹುಡುಗಿ ಕೊರಿಯಾದ ಧಾರಾವಾಹಿ ನೋಡುತ್ತಾಳಂತೆ. ತಿನ್ನುವವರು ಸೋದರಮಾವ ಎಂಬುದು ಇವನ ತಲೆಗೆ ಹೋಗಲಿಲ್ಲ.

೧. ಸೀಗಡಿ

ತರುವ ಕೆಲಸ ನನಗೆ ಬಂತು, ಯಾಕೆಂದರೆ ನಾನು ವಿಜಯಪುರದಲ್ಲಿರುತ್ತೇನೆ. ಅಂಗಡಿಯವನು ಬರ್ಫದ ಪೆಟ್ಟಿಗೆಯಿಂದ ಪೊಟ್ಟಣ ತೆಗೆಯುವಾಗಲೇ ಇವನ ಫೋನ್ ಬಂತು. “ಮಾಮಾ, ಕೊರಿಯಾದ್ದ ಐತೇನು ಕೇಳ್ರಿ.”

ಕೇಳಿದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಎಲ್ಲೀದರ ಇರ್ಲಿರಿ, ನಿಮ್ಮ ಜೋಡಿ ಮಾತಾಡೂದಿಲ್ಲ ಅದು.”

೨. ಕೆಂಪು ಮಸಾಲೆ

ವಿಡಿಯೋದಲ್ಲಿ ಯಾವುದೋ ಕೊರಿಯಾದ ಕೆಂಪು ಮಸಾಲೆಯನ್ನು ಎರಡು ದೊಡ್ಡ ಚಮಚ ಹಾಕುತ್ತಿದ್ದರು. ಅದು ಸಿಹಿಯೂ ಇರುತ್ತದಂತೆ. ಬಬಲೇಶ್ವರದಲ್ಲಿ ಸಿಗಲಿಲ್ಲ. ಇವನು ಅಷ್ಟೇ ಅಳತೆಯಲ್ಲಿ ರಂಜಕ ಹಾಕಿದ. ರಂಜಕವೆಂದರೆ ಹಸಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದದ್ದು. ನಾವು ರೊಟ್ಟಿಯ ತುದಿಗೆ ಸವರಿಕೊಂಡು, ಮೊಸರು ಪಕ್ಕದಲ್ಲಿಟ್ಟುಕೊಂಡು ತಿನ್ನುತ್ತೇವೆ.

“ಎರಡೂ ಕೆಂಪಗ ಅದಾವಲ್ಲ ಬೇ,” ಅಂದ ತಾಯಿಗೆ.

“ಹೊಲದಾಗ ಟ್ರ್ಯಾಕ್ಟರೂ ಕೆಂಪಗ ಐತಿ,” ಅಂದರು ಅತ್ತೆ. “ಅದನ್ನೂ ಹಾಕು.”

೩. ಎರಡು ನಿಮಿಷ

ಸೀಗಡಿಯನ್ನು ಎರಡು ನಿಮಿಷ ಹುರಿದರೆ ಸಾಕು, ಹೆಚ್ಚು ಬೇಯಿಸಿದರೆ ರಬ್ಬರ್ ಆಗುತ್ತದೆ ಎಂದು ವಿಡಿಯೋದವಳು ಮತ್ತೆ ಮತ್ತೆ ಹೇಳುತ್ತಿದ್ದಳು. ಹುರಿದಿಟ್ಟು ಇವನು ತಲೆ ಬಾಚಲು ಹೋದ. ಮದುಮಗನಾಗುವವನು, ಬಾಚಿದ್ದೇ ಬಾಚಿದ್ದು. ಅತ್ತೆ ಈವರೆಗೆ ಕುರಿಯ ಖಂಡ ಮಾತ್ರ ಬೇಯಿಸಿದವರು. ಎಲ್ಲವನ್ನೂ ಕುಕ್ಕರಿಗೆ ಸುರಿದು ಐದು ಸೀಟಿ ಹೊಡೆಸಿದರು.

ಇವನು ಓಡಿ ಬಂದ. “ಯವ್ವಾ, ಎರಡ ನಿಮಿಷ ಅಂದಿದ್ನಿ.”

“ಎರಡ ನಿಮಿಷಕ್ಕ ಆಗೂದು ಚಹಾ ಒಂದ. ಬೀಗರ ಮುಂದ ಹಸೀದ ಇಟ್ಟು ನನ್ನ ಮಾನ ಕಳೀಬ್ಯಾಡ.”

೪. ಸಕ್ಕರೆ

ಸೋದರಮಾವ ಬಂದು ಮನೆ ನೋಡಿದರು, ಅಂಗಡಿ ನೋಡಿದರು, ಮುಖ ಗಂಟು ಹಾಕಿಕೊಂಡು ಕುಳಿತರು. ಬೇಡವೆನ್ನುವವರೇ ಎಂದು ನಮಗೆಲ್ಲ ತಿಳಿಯಿತು. ಇವನು ತಟ್ಟೆ ಮುಂದಿಟ್ಟ. ಅವರು ಒಂದು ಸೀಗಡಿ ಬಾಯಿಗೆ ಹಾಕಿಕೊಂಡು ಅಗಿದರು. ಅಗಿದೇ ಅಗಿದರು. ಅದು ಹರಿಯಲಿಲ್ಲ. ಅಗಿದಷ್ಟೂ ರಂಜಕ ಇಳಿಯಿತು. ಕಣ್ಣಲ್ಲಿ ನೀರು ಬಂತು, ಕಿವಿ ಕೆಂಪಾದವು. ಮಾತು ಹೊರಡದೆ, ಚಹಾದ ಪಕ್ಕದಲ್ಲಿದ್ದ ಸಕ್ಕರೆ ಡಬ್ಬಿಗೆ ಕೈ ಹಾಕಿ ಒಂದು ಮುಷ್ಟಿ ಬಾಯಿಗೆ ಸುರಿದುಕೊಂಡರು.

ಇಲ್ಲಿ ಒಂದು ಮಾತು ಹೇಳಬೇಕು. ಸಂಬಂಧ ಒಪ್ಪಿಗೆಯಾದರೆ ನಮ್ಮಲ್ಲಿ ಸಕ್ಕರೆ ತಿನ್ನುತ್ತಾರೆ. ಆಮೇಲೆ ಯಾರೂ ಹಿಂದೆ ಸರಿಯುವುದಿಲ್ಲ.

“ಸಕ್ಕರಿ ತಿಂದ್ರು,” ಅಂದರು ಅತ್ತೆ. ಅವರ ಬಾಯಿಗೆ ಇನ್ನೊಂದು ಮುಷ್ಟಿ ತುರುಕಿ, ಡಬ್ಬಿ ಎತ್ತಿಕೊಂಡು ಓಣಿಗೆ ಹೊರಟೇ ಬಿಟ್ಟರು. ಸೋದರಮಾವನಿಗೆ ನಾಲಿಗೆ ಹೊರಳುವಷ್ಟರಲ್ಲಿ ಓಣಿಯವರೆಲ್ಲ ಸಕ್ಕರೆ ತಿಂದು ಮುಗಿಸಿದ್ದರು.

“ನಾ ಒಲ್ಲೆ ಅನ್ನಾಕ ಬಾಯಿ ತೆರದಿದ್ನಿರಿ,” ಅಂದರು.

“ತೆರದ ಬಾಯಾಗ ಹಾಕೀವಿ. ನಿಮ್ಮ ಮೂಗ ಹಿಡದಿಲ್ಲ,” ಅಂದರು ಅತ್ತೆ.

ಮದುವೆ ಗೊತ್ತಾಯಿತು. ಇನ್ನು ಸಕ್ಕರೆಯೇ ಯಾಕೆ, ಬೆಲ್ಲ ಯಾಕಲ್ಲ ಎಂದು ನೀವು ಕೇಳಬಹುದು. ಬೆಲ್ಲವನ್ನು ನಮ್ಮಲ್ಲಿ ಏನು ಮಾಡುತ್ತಾರೆಂದರೆ, ಮೊದಲು...

ತಡೆಯಿರಿ, ಹೆಂಡತಿ ಕರೆಯುತ್ತಿದ್ದಾಳೆ. “ಏಳ್ರಿ, ಮದವಿ ಬಟ್ಟಿ ತರಾಕಂತ ತಿಕೋಟಾದ ಸೋದರಮಾವ ಬಂದಾರ. ಒಳಗ ಬರವಲ್ರು. ಒಲಿ ಮ್ಯಾಲ ಏನೈತಿ ಅಂತ ಬಾಗಲದಾಗ ನಿಂತು ಕೇಳಾಕತ್ತಾರ.”