ಕಂಪೌಂಡರ ಉಡದಾರ

ಆಸ್ಪತ್ರೆ ಅಂದರೆ ಅಳುವ ಜಾಗ ಅನ್ನುತ್ತಾರೆ. ನಾನಂತೂ ಅಲ್ಲಿ ನಗು ತಡೆಯಲಾರದೆ ಸ್ಟೋರ್ ರೂಮಿಗೆ ಓಡಿ ಬಾಯಿಗೆ ಸೆರಗು ತುರುಕಿಕೊಂಡದ್ದೇ ಹೆಚ್ಚು. ಎಪ್ಪತ್ತರ ದಶಕದ ಕೊನೆ. ಹಗರಿಬೊಮ್ಮನಹಳ್ಳಿ, ಕೊಟ್ಟೂರು ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ನರ್ಸು. ಯಾವ ಊರು ಅಂತ ಕೇಳಬೇಡಿ, ಕಂಪೌಂಡರ ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ.

ಹೊಲಿಗೆ ಹಾಕುವ ಮುಂಚೆ ಗಾಯವನ್ನು ಮರಗಟ್ಟಿಸುವ ಔಷಧಿ ನಮ್ಮಲ್ಲಿತ್ತು. ಆದರೆ ಅದು ಬೀರುವಿನೊಳಗೆ, ಬೀರುವಿನ ಕೀಲಿ ಕಂಪೌಂಡರ ಉಡದಾರದಲ್ಲಿ. ಸಾಹೇಬರ ಮಕ್ಕಳು ಬಂದರೆ ಕೀಲಿ ಹೊರಗೆ ಬರುತ್ತಿತ್ತು. ಕೂಲಿಯವರ ಮಕ್ಕಳು ಬಂದರೆ "ನಾಕ್ ಮಂದಿ ಹಿಡ್ಕೊಳ್ರಿ" ಅನ್ನುವ ಅಪ್ಪಣೆ ಬರುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಎಲ್ಲ ಮಕ್ಕಳಿಗೂ ಕೊಡಿ" ಎಂದು ಡಾಕ್ಟರು ಹೇಳಿಯೇ ಹೋಗುತ್ತಿದ್ದರು. ಅವರು ಹೋಗುತ್ತಿದ್ದರು, ಉಡದಾರ ಉಳಿಯುತ್ತಿತ್ತು. ಹೇಗಾದರೂ ಆ ಕೀಲಿಯನ್ನು ಹೊರಗೆ ತರಬೇಕು ಅನ್ನುವುದೊಂದೇ ನನ್ನ ಹಠ.

೧. ತುಪ್ಪ

ಹಂಪಸಾಗರದಿಂದ ಒಬ್ಬ ಅಜ್ಜಿ ಆರೇಳು ವರ್ಷದ ಮೊಮ್ಮಗಳನ್ನು ಕರೆತಂದಳು. ಕಟ್ಟೆಗೆ ಎಡವಿ ಹುಡುಗಿಯ ಹಣೆ ಒಡೆದಿತ್ತು.

"ಎಷ್ಟು ಹಾಕ್ತೀರ್ರಿ?" ಎಂದಳು ಅಜ್ಜಿ.

"ಮೂರು ಹೊಲಿಗಿ," ಎಂದರು ಕಂಪೌಂಡರು.

ಹುಡುಗಿಯ ಅಳು ಗಕ್ಕನೆ ನಿಂತಿತು. ಕಣ್ಣರಳಿಸಿ ಕೇಳಿದಳು: "ಮೂರು ಹೋಳಿಗಿ! ತುಪ್ಪ ಐತೇನ್ರಿ?"

ಕಂಪೌಂಡರಿಗೆ ಅಷ್ಟೇ ಸಾಕಾಯಿತು. "ಐತವ್ವ, ಮೊದ್ಲ ಕಣ್ಮುಚ್ಚಿ ಮಕ್ಕೊ" ಎಂದರು. ಕೀಲಿ ಹೊರಗೆ ಬರಲಿಲ್ಲ. ಮೊದಲ ಹೊಲಿಗೆಗೆ ಅವಳು ಕಿರುಚಿದ್ದು ಇಡೀ ಆಸ್ಪತ್ರೆಗೆ ಕೇಳಿಸಿತು. ಎಲ್ಲ ಮುಗಿದ ಮೇಲೆ ಪಟ್ಟಿ ಕಟ್ಟಿದ ಹಣೆ ಎತ್ತಿ ಅವರನ್ನೇ ದುರುಗುಟ್ಟಿ ನೋಡಿದಳು.

"ನೀವು ಸುಳ್ಳರು. ನಿಮ್ಮ ಮನಿಗೆ ಊಟಕ್ಕ ನಾ ಯಾವತ್ತೂ ಬರಂಗಿಲ್ಲ!"

೨. ಪಾರ್ಸಲ್

ನಮ್ಮ ಡಾಕ್ಟರು ಮೈಸೂರು ಕಡೆಯವರು, ಬಲು ಜಾಗ್ರತೆಯ ಮನುಷ್ಯ. ಮಗುವಿನ ತೂಕ ಗೊತ್ತಿಲ್ಲದೆ ನೋವಿನ ಔಷಧಿ ಒಂದು ಹನಿಯನ್ನೂ ಕೊಡಕೂಡದು ಅನ್ನುತ್ತಿದ್ದರು. ನಮ್ಮ ತೂಕದ ಯಂತ್ರವೋ, ಯಾರು ನಿಂತರೂ ನಲವತ್ತು ತೋರಿಸುತ್ತಿತ್ತು. ಒಂದು ದಿನ ಕೈ ಮುರಿದುಕೊಂಡ ಹುಡುಗನೊಬ್ಬ ಬಂದ. ಕೈಗೆ ದಬ್ಬೆ ಕಟ್ಟಿ, "ಎದುರಿಗೇ ರೈಲ್ವೆ ಸ್ಟೇಷನ್ ಐತಿ, ಪಾರ್ಸಲ್ ತಕ್ಕಡಿ ಮ್ಯಾಲೆ ತೂಗಿಸ್ಕೊಂಡು ಬರ್ರಿ" ಎಂದು ಅವನ ಅಪ್ಪನಿಗೆ ಹೇಳಿದೆ.

ಹತ್ತು ನಿಮಿಷಕ್ಕೆ ಹುಡುಗ ಮುಂದೆ, ಅಪ್ಪ ಹಿಂದೆ ಓಡಿಬಂದರು. ಹುಡುಗನ ಅಂಗಿಯ ಬೆನ್ನ ಮೇಲೆ ಸೀಮೆಸುಣ್ಣದಲ್ಲಿ ಹತ್ತೊಂಬತ್ತು ಅಂತ ಬರೆದಿತ್ತು.

"ಕೈ ಭಾಳ ನೋಯ್ತೈತೇನಪ್ಪ?"

"ಕೈ ಇರ್ಲಿ ನರ್ಸಮ್ಮ! ಇದನ್ನ ಎಲ್ಲಿಗೆ ಕಳಿಸ್ಬೇಕು ಅಂತ ಆ ಗುಮಾಸ್ತ ಕೇಳಿದ್ರ, ನಮ್ಮಪ್ಪ ಯೋಚ್ನಿ ಮಾಡಾಕ ಹತ್ತಿದ್ದ!"

೩. ಸೇರು

ನೋವು ಎಷ್ಟಿದೆ ಎಂದು ಮಗುವನ್ನೇ ಕೇಳಿ ಬರೆಯಬೇಕು, ಇದು ಡಾಕ್ಟರ ಇನ್ನೊಂದು ಅಪ್ಪಣೆ. ಕೇಳಿದರೆ ಮಕ್ಕಳು "ಭಾಳ" ಅನ್ನುತ್ತವೆ, ಅಷ್ಟೆ. ಸಂತೆ ಕಂಡ ಮಕ್ಕಳಲ್ಲವೇ, ನಾನು ಕಾಳಿನ ಅಳತೆ ಹಿಡಿದೆ. ಚಟಾಕೋ, ಪಾವೋ, ಸೇರೋ? ಥಟ್ಟನೆ ಉತ್ತರ ಬರತೊಡಗಿತು. ಕಿವಿನೋವಿನ ಹುಡುಗನೊಬ್ಬ ಬಂದಾಗ ಒಂದೂವರೆ ಸೇರಿನಲ್ಲಿದ್ದವನು ಔಷಧಿ ಕುಡಿದ ಮೇಲೆ ಪಾವಿಗೆ ಇಳಿದ. ಎಲ್ಲವನ್ನೂ ಶ್ರದ್ಧೆಯಿಂದ ಬರೆದಿಟ್ಟೆ.

ಮರುದಿನ ಡಾಕ್ಟರು ಆ ಚೀಟಿ ಹಿಡಿದು ಕರೆದರು. "ಸಿಸ್ಟರ್, ನಿಮ್ಮ ಮನೆಯ ಕಿರಾಣಿ ಚೀಟಿ ಇಲ್ಲೇ ಬಿಟ್ಟಿದ್ದೀರಲ್ಲ?"

ವಿಷಯ ಹೇಳಿದೆ. ಅವರು ಚೀಟಿಯನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ಗಂಭೀರವಾಗಿ ಓದಿದರು.

"ಒಳ್ಳೆಯದೇ, ಮುಂದುವರಿಸಿ. ಆದರೆ ಮೈಸೂರು ಸೇರೋ ಬಳ್ಳಾರಿ ಸೇರೋ, ಅದನ್ನೂ ಬರೆಯಿರಿ."

೪. ಕೀಲಿ

ಹಂಪಸಾಗರದ ಅಜ್ಜಿ, ಮೊಮ್ಮಗಳು ಮತ್ತೆ ಬಂದರು. ಈ ಸಲ ಅಂಗಾಲನ್ನು ತಗಡು ಕೊಯ್ದಿತ್ತು. ಅಷ್ಟರಲ್ಲಿ ಮಕ್ಕಳನ್ನು ತೂಗಿಸಿ ತರುವುದು ಸುತ್ತಲ ಊರಿಗೆಲ್ಲ ರೂಢಿಯಾಗಿಬಿಟ್ಟಿತ್ತು. ಅಜ್ಜಿಯೂ ಗಾಯಕ್ಕೆ ಬಟ್ಟೆ ಸುತ್ತಿ, ಸ್ಟೇಷನ್ನಿನಲ್ಲಿ ತೂಗಿಸಿಯೇ ತಂದಿದ್ದಳು. ಡಾಕ್ಟರು ಹಡಗಲಿಗೆ ಮೀಟಿಂಗಿಗೆ ಹೋಗಿದ್ದರು.

"ಮೊದ್ಲ ಮರಗಟ್ಟೋ ಸೂಜಿ ಮಾಡ್ರಿ," ಎಂದಳು ಅಜ್ಜಿ.

"ಅದು ದೊಡ್ಡ ಕೇಸಿಗೆ ಬೇಕಾಕ್ಕತಿ," ಎಂದರು ಕಂಪೌಂಡರು.

"ಎಲ್ಲಾರ್ಗೂ ಕೊಡ್ರಿ ಅಂತ ಡಾಕ್ಟರು ಹೇಳ್ಯಾರ," ಎಂದೆ ನಾನು.

ಅವರು ಸಿಟ್ಟಿನಿಂದ ಗರ್ರನೆ ತಿರುಗಿದರು. ದೋತರದ ಚುಂಗು ಸ್ಪಿರಿಟ್ ಜಾಡಿಗೆ ಸಿಕ್ಕಿತು. ಗಾಜಿನ ಜಾಡಿ ನೆಲಕ್ಕೆ ಬಿದ್ದು ಒಡೆಯಿತು, ಚೂರುಗಳ ಮೇಲೆ ಕಂಪೌಂಡರು ಬಿದ್ದರು. ಎರಡೂ ಅಂಗೈ ಕೊಯ್ದುಹೋದವು. ಕೊಯ್ದ ಗಾಯಕ್ಕೆ ಸ್ಪಿರಿಟ್ಟು ಬೇರೆ.

"ಅಯ್ಯಯ್ಯೋ, ಸೂಜಿ! ಮರಗಟ್ಟೋ ಸೂಜಿ! ಲಗೂನ ಮಾಡ್ರಿ ಸಿಸ್ಟರ್!"

ಅವರ ಕೈಗಳೆರಡಕ್ಕೂ ಬಟ್ಟೆ ಬಿಗಿಯುತ್ತ, "ಎಷ್ಟು ನೋವೈತ್ರಿ?" ಎಂದೆ.

"ಪಲ್ಲ ರೀ! ಒಂದು ಪಲ್ಲ!" ಪಲ್ಲ ಅಂದರೆ ನೂರು ಸೇರು.

"ಹಂಗಾದ್ರ ಕೀಲಿ ಕೊಡ್ರಿ."

ಆಗ ಅವರ ಮುಖ ನೋಡಬೇಕಿತ್ತು. ಕೀಲಿ ದೋತರದೊಳಗೆ, ಕೈ ಪಟ್ಟಿಯೊಳಗೆ. ರೂಮಿನಲ್ಲಿ ಅವರನ್ನು ಬಿಟ್ಟರೆ ಮೂರೂ ಮಂದಿ ಹೆಣ್ಣುಮಕ್ಕಳು. "ಯಾರಾದ್ರೂ ಗಂಡಸ್ರನ್ನ ಕರೀರಿ!" ಎಂದು ಕಂಪೌಂಡರು ಕೂಗಿದರು.

"ಹನ್ನೊಂದು ಮಕ್ಕಳ ಕುಂಡಿ ತೊಳದೀನಿ, ನಿಂದೇನು ಬಂಗಾರದ್ದಾ?" ಎಂದವಳೇ ಅಜ್ಜಿ ಕೈಹಾಕಿ ಎಳೆದಳು. ಕೀಲಿ ಬಂತು, ಜೊತೆಗೆ ಉಡದಾರವೂ ಬಂತು. ದೋತರವನ್ನು ಹೇಗೋ ಅಲ್ಲೇ ಉಳಿಸಿದೆವು.

ಬೀರು ತೆಗೆದೆ. ಕಂಪೌಂಡರು ಕೈ ಚಾಚಿದರು.

"ಸರದಿ ನಂದು," ಎಂದಳು ಹುಡುಗಿ.

ನ್ಯಾಯವೇ. ಅವರ ರಕ್ತ ನಿಂತಿತ್ತು, ಅವಳದು ಇನ್ನೂ ಒಸರುತ್ತಿತ್ತು. ಬೆನ್ನ ಮೇಲಿನ ಅಂಕಿ ನೋಡಿ ಅಳತೆಯಾಗಿ ಔಷಧಿ ಕೊಟ್ಟೆ. ನಾನು ಹೊಲಿಗೆ ಹಾಕುವಾಗ ಅವಳು ಗೋಡೆಯ ಮೇಲಿನ ಹಲ್ಲಿ ನೋಡುತ್ತ ಸುಮ್ಮನೆ ಮಲಗಿದ್ದಳು. ಒಂದು ಹನಿ ಕಣ್ಣೀರಿಲ್ಲ. ನನಗೇ ಅಳು ಬಂತು, ಸಂತೋಷಕ್ಕೆ.

ಆಮೇಲೆ ಕಂಪೌಂಡರಿಗೂ ಸೂಜಿ ಮಾಡಿ ಹೊಲಿದೆ. ಕೀಲಿಯನ್ನು ಮತ್ತೆ ಉಡದಾರಕ್ಕೆ ಕಟ್ಟಿಕೊಡಲೇ ಎಂದು ಕೇಳಿದೆ. ಅವರು ಅಜ್ಜಿಯ ಕಡೆ ಒಮ್ಮೆ ನೋಡಿ, "ಬ್ಯಾಡ, ಬ್ಯಾಡ! ನಿಮ್ಮ ಹತ್ರನ ಇರ್ಲಿ" ಎಂದರು. ಅಂದಿನಿಂದ ಅದು ನನ್ನ ಮೇಜಿನ ಮೇಲಿನ ಮೊಳೆಗೆ ಬಂತು.

"ಒಟ್ಟು ಎಷ್ಟು ಬಿದ್ವು ಸಿಸ್ಟರ್?" ಎಂದು ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಬೆಂಚಿನಿಂದ ಹುಡುಗಿ ಹೇಳಿದಳು:

"ಏಳು ಹೋಳಿಗಿ. ತುಪ್ಪ ಹಾಕ್ಲೇನ್ರಿ?"