ಕ್ಯಾಮೆರಾಕ್ಕೆ ಟಿಕಳಿ

ಅರವತ್ತು ದಾಟಿದವರು ಕ್ಯಾಮೆರಾ ಕೊಳ್ಳುವ ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಬೇಕು: ಯಾವ ಕನ್ನಡಕ ಹಾಕಿಕೊಳ್ಳುವುದು? ದೂರದ್ದು ಹಾಕಿದರೆ ಪ್ರಾಣಿ ಕಾಣುತ್ತದೆ, ಕ್ಯಾಮೆರಾದ ಗುಂಡಿ ಕಾಣುವುದಿಲ್ಲ. ಚಾಳೀಸು ಹಾಕಿದರೆ ಗುಂಡಿಗಳೆಲ್ಲ ಸ್ಪಷ್ಟ, ಪ್ರಾಣಿಯ ಜಾಗದಲ್ಲಿ ಕಂದುಬಣ್ಣದ ಒಂದು ಅನುಮಾನ. ಎರಡೂ ಕೂಡಿದ್ದನ್ನು ಹಾಕಿಕೊಂಡು ಕತ್ತು ಮೇಲೆ ಕೆಳಗೆ ಆಡಿಸುವಷ್ಟರಲ್ಲಿ ಕೊಕ್ಕರೆಯೊಂದು ನನಗೇ ಹೆದರಿ ಹಾರಿಹೋಗಿತ್ತು. ಮೊಬೈಲಿನ ವಿಡಿಯೊಗಳಲ್ಲಿ ಫೋಟೊ ಪಾಠ ಹೇಳುವ ಹುಡುಗರಿಗೆ ಈ ಸಂಕಟ ಗೊತ್ತಿಲ್ಲ. ಕತ್ತಲಾದರೆ ಐಎಸ್‌ಒ ಏರಿಸಿ ಎನ್ನುತ್ತಾನೊಬ್ಬ, ಇಳಿಸಿ ಎನ್ನುತ್ತಾನಿನ್ನೊಬ್ಬ. ನಾನು ಒಂದು ದಿನ ಏರಿಸುತ್ತೇನೆ, ಒಂದು ದಿನ ಇಳಿಸುತ್ತೇನೆ. ಅದು ಏನೆಂಬುದು ಇನ್ನೂ ಗೊತ್ತಾಗಿಲ್ಲ.

ಮಾನ್ವಿಯ ಶಾಲೆಯಲ್ಲಿ ಚಿತ್ರಕಲೆ ಕಲಿಸಿ, ಈಗ ರಾಯಚೂರಿನಲ್ಲಿ ನೆಲೆಸಿದವನು ನಾನು. ನಮ್ಮ ನಿವೃತ್ತರ ಸಂಘದ ವಾರ್ಷಿಕ ಕೂಟದಲ್ಲಿ ಎಲ್ಲರೂ ತಾವೇ ತೆಗೆದ ಫೋಟೊ ಒಂದನ್ನು ಗೋಡೆಗೆ ಹಚ್ಚುವುದು ರೂಢಿ. ಹೋದ ವರ್ಷ ನಾನು ‘ಕಾಡುಬೆಕ್ಕು’ ಎಂದು ಬರೆದು ಹಚ್ಚಿದ್ದೆ. ಕಾರ್ಯದರ್ಶಿಗಳು ಅದರ ಮುಂದೆ ನಿಂತು, “ಮಾಸ್ತರ್, ಇದು ನಮ್ಮನಿ ಬೆಕ್ಕಲ್ರೀ? ಕೊಳ್ಳಾಗ ಗೆಜ್ಜಿ ಅದ ನೋಡ್ರಿ” ಎಂದುಬಿಟ್ಟರು. ಅಂದಿನಿಂದ ನಾನು ಬೆಕ್ಕಿನ ಮಾಸ್ತರ್. ಈ ವರ್ಷ ನಿಜವಾದ ಕಾಡುಪ್ರಾಣಿ ಸಿಗದಿದ್ದರೆ ಅದೇ ಹೆಸರಿನಲ್ಲಿ ಸಾಯಬೇಕಲ್ಲ ಎಂದು ನನಗೆ ನಿಜಕ್ಕೂ ಭಯವಾಗಿತ್ತು.

ಆಗಲೇ ನನ್ನ ಹೆಂಡತಿ ಶರಣಮ್ಮನ ತಮ್ಮ ಹನುಮಂತ ತನ್ನ ಹಳ್ಳಿ ಗೂಗಲ್‌ನಿಂದ ಫೋನ್ ಮಾಡಿದ. “ಮಾಮಾ, ಹೊತ್ತು ಮುಳುಗೋ ಟೈಮಿಗೆ ನಮ್ಮ ಹೊಲದ ಬದುವಿಗೆ ದಿನಾ ನರಿ ಬರಾಕತ್ತದ. ಅಕ್ಕನ್ನ ಕರ್ಕೊಂಡು ಬರ್ರಿ.” ಸರಂಜಾಮು ಕಟ್ಟಿದೆ: ಮೂರು ಕಾಲಿನ ಸ್ಟ್ಯಾಂಡು, ಮೊಣಕಾಲಿಗೆ ಪಟ್ಟಿ, ಹಣೆಗೆ ಕಟ್ಟುವ ಕೆಂಪು ದೀಪ. ಕೆಂಪು ಬೆಳಕಿಗೆ ಪ್ರಾಣಿಗಳು ಅಷ್ಟಾಗಿ ಬೆದರುವುದಿಲ್ಲವಂತೆ. ಗುಂಡಿಯ ಸಮಸ್ಯೆಯನ್ನು ಶರಣಮ್ಮ ಬಗೆಹರಿಸಿದಳು. “ಕರೆಂಟ್ ಹೋದಾಗ ನಾ ಉಪ್ಪಿನ ಡಬ್ಬಿ ಮುಟ್ಟಿ ಹುಡುಕಂಗಿಲ್ಲೇನ್ರಿ? ತರ್ರಿ ಇಲ್ಲಿ” ಎಂದು ತಾನು ಹಣೆಗಿಡುವ ಮಖಮಲ್ಲಿನ ಟಿಕಳಿಗಳ ಹಾಳೆ ತೆಗೆದು, ಫೋಟೊ ಗುಂಡಿಗೆ ದೊಡ್ಡದು, ಪರದೆಯ ಪಕ್ಕದ ಫೋಕಸ್ ಗುಂಡಿಗೆ ಸಣ್ಣದು ಅಂಟಿಸಿದಳು. ಕತ್ತಲಲ್ಲಿ ಬೆರಳಿಗೆ ತಾಗಿದರೆ ಸಾಕು. ಯಾವ ಹುಡುಗನೂ ಹೇಳದ ಉಪಾಯ ಅದು. ಸ್ಟ್ಯಾಂಡನ್ನು ಮಾತ್ರ ದಾರಿಯಲ್ಲಿ ಬಸ್ಸು ಬದಲಿಸಲು ಗಬ್ಬೂರಿನಲ್ಲಿ ಇಳಿಯುವಾಗ ಮರೆತೆ.

ಮುಚ್ಚಂಜೆಯಲ್ಲಿ ಹಣೆಗೆ ಕೆಂಪು ದೀಪ ಕಟ್ಟಿಕೊಂಡು ಶರಣಮ್ಮನೊಡನೆ ತೊಗರಿ ಸಾಲಿನ ಮರೆಗೆ ಕುಳಿತೆ. ಬೆವರು ಇಳಿಯುತ್ತಿತ್ತು. ನರಿ ಬಂತು. ಪರದೆಯಲ್ಲಿ ನೋಡುತ್ತೇನೆ, ಅದರ ಹಣೆಯ ಮೇಲೊಂದು ಕೆಂಪು ಚುಕ್ಕೆ! ಕ್ಯಾಮೆರಾ ಅತ್ತ ಸರಿಸಿದರೆ ಚುಕ್ಕೆ ತೊಗರಿ ಗಿಡಕ್ಕೆ ಹೋಯಿತು. ಇತ್ತ ಸರಿಸಿದರೆ ಮತ್ತೆ ನರಿಯ ಹಣೆಗೆ. ಕೆಂಪು ಚುಕ್ಕೆ ಬಂದರೆ ವಿಡಿಯೊ ಓಡುತ್ತಿದೆ ಎಂದಿದ್ದ ಒಬ್ಬ ಹುಡುಗ. ಬ್ಯಾಟರಿ ಮುಗಿಯಿತು ಎಂದಿದ್ದ ಇನ್ನೊಬ್ಬ. ಇರಲಿ ಎಂದು ಯಾವುದೋ ಗುಂಡಿ ಒತ್ತಿದೆ, ಪರದೆಯ ಅಕ್ಷರಗಳೆಲ್ಲ ಚೀನೀ ಆದವು. ಚುಕ್ಕೆ ಮಾತ್ರ ಅಲ್ಲೇ ಇತ್ತು.

“ಏನ್ ಮಾಡಾಕತ್ತೀರಿ? ನಮ್ಮ ಕಡೀಗೇ ನೋಡಾಕತ್ತದ, ಒತ್ರಿ!” ಎಂದಳು ಶರಣಮ್ಮ.

“ಚುಕ್ಕಿ ಬಂದದ, ತಡಿ” ಎನ್ನುತ್ತ ಕ್ಯಾಮೆರಾ ಸಮೇತ ಅವಳತ್ತ ತಿರುಗಿದೆ. ಬೆರಳು ದೊಡ್ಡ ಟಿಕಳಿಯ ಮೇಲೆ ಬಿತ್ತು. ಟಕ್ ಎಂದಿತು. ನರಿ ಹೋಯಿತು.

ಅವಳು ಕ್ಯಾಮೆರಾ ಇಸಿದುಕೊಂಡು, ಬೆವರಿಗೆ ಜಾರಿ ಪರದೆಗೆ ಅಂಟಿದ್ದ ಸಣ್ಣ ಟಿಕಳಿಯನ್ನು ಉಗುರಿನಿಂದ ಕಿತ್ತು ತೋರಿಸಿದಳು. “ಇದೇ ಏನ್ರಿ ನಿಮ್ಮ ಚುಕ್ಕಿ? ಇರ್ಲಿ ಬಿಡ್ರಿ, ನಾನಂತೂ ನರಿ ಮುಖ ನೋಡ್ದೆ.” ನರಿಯ ಮುಖ ನೋಡಿದರೆ ಅದೃಷ್ಟ ಎನ್ನುತ್ತಾರೆ. ಪರದೆಯಲ್ಲಿ, ಅದೂ ಟಿಕಳಿಯ ಹಿಂದೆ ನೋಡಿದವನಿಗೆ ಅದು ಸಲ್ಲುತ್ತದೋ ಇಲ್ಲವೋ ತಿಳಿಯದು. ಹೊಟ್ಟೆ ಉರಿದದ್ದಂತೂ ನಿಜ.

ಬಂದದ್ದು ಒಂದೇ ಫೋಟೊ, ಶರಣಮ್ಮನದು. ಬೇರೆ ಗತಿಯಿಲ್ಲದೆ ‘ನರಿಯನ್ನು ಕಂಡವರು’ ಎಂದು ಬರೆದು ಅದನ್ನೇ ಕೂಟದ ಗೋಡೆಗೆ ಹಚ್ಚಿದೆ. ಕಾರ್ಯದರ್ಶಿಗಳು ಮೂಗು ತಾಗಿಸಿ ನೋಡಿ, “ಮಾಸ್ತರ್, ಅಕ್ಕಾರ ಚಷ್ಮಾದಾಗ ಏನೋ ಪ್ರಾಣಿ ಕಾಣ್ತದಲ್ರೀ!” ಎಂದರು. ನರಿ ಆ ಗಾಜಿನಲ್ಲಾದರೂ ಸಿಕ್ಕಿತೇ? ಚಾಳೀಸು ಹಾಕಿಕೊಂಡು ಬಾಗಿದೆ. ಅವಳ ಕನ್ನಡಕದ ಗಾಜಿನಲ್ಲಿ, ಬಾಯಿ ತೆರೆದು, ಹಣೆಯ ನಡುವೆ ಕೆಂಪಗೆ ಒಂದು ಟಿಕಳಿ ಹೊತ್ತಿಸಿಕೊಂಡು ಕುಕ್ಕರುಗಾಲಲ್ಲಿ ಕುಳಿತಿದ್ದವನು ನಾನೇ.

ಕಾರ್ಯದರ್ಶಿಗಳು ಇನ್ನೊಮ್ಮೆ ಬಗ್ಗಿ ನನ್ನ ಕೊರಳನ್ನು ಪರೀಕ್ಷಿಸಿ ತೀರ್ಪು ಕೊಟ್ಟರು: “ಗೆಜ್ಜಿ ಇಲ್ರೀ. ಈ ಸಲ ಖರೇನ ಕಾಡುಪ್ರಾಣಿ.”