ಎಂಟನೇ ಕಂತಿನಲ್ಲಿ ನಾನು ತೀರಿಕೊಂಡದ್ದು

ನನ್ನಂಥ ಶಿಸ್ತಿನ ಮನುಷ್ಯನಿಗೆ ಅನಾಹುತ ಆಗುವುದೇ ಇಲ್ಲ ಎಂದು ದಿನಚರಿಯ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ. ಕೆಳಗೆ ಸಹಿಯನ್ನೂ ಮಾಡಿದ್ದೇನೆ. ನಾನು ಸಕ್ಕರೆ ಕಾರ್ಖಾನೆಯೊಂದರ ಕಾಟಾದ ಮೇಲೆ, ಅಂದರೆ ಕಬ್ಬು ತೂಗುವಲ್ಲಿ, ಗುಮಾಸ್ತ. ದಿನವಿಡೀ ಟ್ರ್ಯಾಕ್ಟರಿನ ತೂಕ ಬರೆದು ಬರೆದು, ಮನೆಗೆ ಬಂದ ಮೇಲೂ ಕೈ ಸುಮ್ಮನಿರುವುದಿಲ್ಲ. ತಿಂದ ರೊಟ್ಟಿ, ಅವ್ವ ಬೈದ ಸಲ, ಹೆಂಡತಿ ನಕ್ಕ ಸಲ, ಎಲ್ಲಕ್ಕೂ ಒಂದೊಂದು ಗೀಟು. ಮದುವೆಯಾಗಿ ಒಂದೂವರೆ ವರ್ಷ. ಹೆಂಡತಿ ನಕ್ಕ ಕಾಲಮ್ಮಿನಲ್ಲಿ ಇನ್ನೂ ಬೇಕಾದಷ್ಟು ಜಾಗ ಇದೆ.

ಇಂಥ ನನ್ನನ್ನು ‘ಎರಡು ಚಂದ್ರರ ಊರು’ ಸರಣಿಯ ನಮ್ಮೂರಾದ ಅಂಕಲಿಯ ಅಭಿಮಾನಿ ಬಳಗಕ್ಕೆ ಅಧ್ಯಕ್ಷನನ್ನಾಗಿ ಆರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಿಂತವನು ನಾನೊಬ್ಬನೇ. ಸರಣಿ ಮೊಬೈಲಿನಲ್ಲಿ ಬರುತ್ತದೆ, ಶುಕ್ರವಾರಕ್ಕೊಂದು ಕಂತು, ಒಟ್ಟು ಹತ್ತು. ನೀರಿಲ್ಲದ ದೂರದ ಗ್ರಹವೊಂದಕ್ಕೆ ಬೆಳೆ ತೆಗೆಯಲು ಹೋದ ಜನರ ಕಥೆ. ಅದರಲ್ಲಿ ಪೈರಿಗೆ ನೀರು ಹಾಯಿಸುವ ಒಂದು ರೋಬೋಟ್. ಅದರ ನಿಜವಾದ ಹೆಸರು ಎರಡು ಅಕ್ಷರ, ಮೂರು ಅಂಕಿ. ತಲೆ ದುಂಡಗಿದೆಯೆಂದು ನಮ್ಮವರು ಗುಂಡ್ಯಾ ಎಂದು ಕರೆದರು. ಪಾಳಿ ತಪ್ಪಿಸದೆ, ಮಗ್ಗುಲ ಹೊಲದ ನೀರು ತಿರುಗಿಸಿಕೊಳ್ಳದೆ, ಬದುವಿನ ಮೇಲೆ ನಿಂತು ಬೈದಾಡದೆ ನೀರು ಹಾಯಿಸುವವನನ್ನು ಕೃಷ್ಣಾ ದಂಡೆಯ ನಮ್ಮ ಜನ ನೋಡಿದ್ದು ಅದೇ ಮೊದಲು. ವಿಜ್ಞಾನದ ಕಟ್ಟುಕಥೆ ಎಂದರೇನೆಂದು ಅವರಿಗೆ ತಕ್ಷಣ ಅರ್ಥವಾಯಿತು!

ಬಳಗದಲ್ಲಿ ಅರವತ್ತಮೂರು ಜನ. ಒಬ್ಬ ರಾತ್ರಿಪಾಳಿ, ಒಬ್ಬನಿಗೆ ರೇಂಜಿಲ್ಲ, ಒಬ್ಬನ ಮೊಬೈಲನ್ನು ಮಗಳು ಕೊಡುವುದಿಲ್ಲ. ಎಲ್ಲರೂ ಒಂದೇ ಹೊತ್ತಿಗೆ ನೋಡಲಾರರು. ಆದ್ದರಿಂದ ನಾನೇ ಖುದ್ದಾಗಿ ನಿಯಮ ನಾಲ್ಕನ್ನು ರಚಿಸಿದೆ: ‘ಭಾನುವಾರ ಸಂಜೆ ಆರರೊಳಗೆ ಹೊಸ ಕಂತಿನ ಕಥೆಯನ್ನು ಯಾರೂ ಯಾರಿಗೂ ಹೇಳತಕ್ಕದ್ದಲ್ಲ. ಹೇಳಿದವರು ಬಳಗಕ್ಕೆಲ್ಲ ಮಿರ್ಚಿಭಜಿ ತಿನ್ನಿಸತಕ್ಕದ್ದು.’

ಎಂಟನೇ ಕಂತು ಬರುವ ಹಿಂದಿನ ದಿನ, ಗುರುವಾರ, ನನ್ನ ಹೆಂಡತಿ ತ್ರಿಶಲಾ ತನ್ನ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಸೀಮಂತದ ಕುಬಸಕ್ಕೆಂದು ತವರೂರು ಜುಗೂಳಕ್ಕೆ ಹೊರಟಳು. ಚೀಲ ಕಟ್ಟುತ್ತ ಹೇಳಿದಳು:

“ನಾ ಬರೂತನಕ ಎಪಿಸೋಡ್ ಮುಟ್ಟಬ್ಯಾಡ್ರಿ. ನಮ್ಮ ತೋಟದ ಮನ್ಯಾಗ ವಿಡಿಯೋ ಓಡಂಗಿಲ್ಲ. ಸೋಮವಾರ ಬರ್ತೀನಿ, ಕೂಡೇ ನೋಡೂಣು.”

“ನಿನ್ನ ಬಿಟ್ಟ ನಾ ಯಾವಾಗರ ನೋಡೀನೇನ?”

“ಐದನೇದ ನೋಡಿದ್ರಿ. ಆರನೇದ ಅರ್ಧಾ ನೋಡಿದ್ರಿ. ಏಳನೇದಕ್ಕ ನಾ ಮೊಬೈಲ್ ದಿಂಬಿನ ಬುಡಕ ಇಟ್ಕೊಂಡ ಮಲಗಿದ್ನಿ, ಅದಕ್ಕ ಉಳೀತು. ಈ ಸಲ ಆಣಿ ಮಾಡ್ರಿ.”

“ದೇವರಾಣಿ.”

“ದೇವರ ಮ್ಯಾಲ ಬ್ಯಾಡ. ಆ ಡೈರಿ ಮ್ಯಾಲ ಕೈ ಇಡ್ರಿ. ನಿಮಗ ಅದರದ ಅಂಜಿಕಿ ಐತಿ.”

ಕೈ ಇಟ್ಟೆ.

“ತಪ್ಪಿದ್ರ, ಹತ್ತನೇದ ಮುಗಿಯೂತನಕ ನಾ ಜುಗೂಳದಾಗ. ನೀವು, ನಿಮ್ಮ ಅವ್ವ, ನಿಮ್ಮ ಗುಂಡ್ಯಾ ಸುಖವಾಗಿ ಇರ್ರಿ.”

ಮಾತಿನಂತೆ ನಡೆಯುವ ಹೆಣ್ಣು. ನಾನು ಅದನ್ನೂ ದಿನಚರಿಯಲ್ಲಿ ನಮೂದಿಸಿ, ಕೆಳಗೆ ಎರಡು ಗೀಟು ಎಳೆದೆ.

ಶುಕ್ರವಾರ ಮಧ್ಯಾಹ್ನ ೧-೧೦. ಊಟದ ಬಿಡುವು. ಕಂತಿನ ಮೊದಲ ಎರಡು ನಿಮಿಷ ಹಿಂದಿನ ಕಥೆಯ ಸಾರಾಂಶ ಇರುತ್ತದೆ. ಅದು ಹಳೆಯದು. ಆಣೆಗೆ ಬರುವುದಿಲ್ಲ. ಕಾನೂನಿನ ಪ್ರಕಾರ ಅಷ್ಟನ್ನು ನೋಡಬಹುದು ಎಂದು ತೀರ್ಮಾನಿಸಿ ಹಚ್ಚಿದೆ.

೨-೦೨ಕ್ಕೆ ನಾನು ಅಳುತ್ತಿದ್ದೆ.

ಗುಂಡ್ಯಾ ಸತ್ತುಹೋಗಿದ್ದ! ಪಂಪು ನಿಂತು ಪೈರು ಒಣಗತೊಡಗಿದಾಗ, ತನ್ನ ಎದೆಯ ಬ್ಯಾಟರಿಯನ್ನು ತಾನೇ ಕಿತ್ತು ಪಂಪಿಗೆ ಹಾಕಿ, ನೀರು ಬಂದದ್ದನ್ನು ನೋಡದೆಯೇ ಬದುವಿನ ಮೇಲೆ ಮಲಗಿಬಿಟ್ಟ. ಕಿಟಕಿಯ ಆಚೆ ನಿಂತಿದ್ದ ಟ್ರ್ಯಾಕ್ಟರ್ ಡ್ರೈವರ್ ಗಾಬರಿಯಾದ.

“ಸಾಹೇಬ್ರ, ಅಳೂವಷ್ಟು ಕಮ್ಮಿ ತೂಗೈತೇನ್ರಿ ನನ್ನ ಕಬ್ಬು?”

ಅಂದು ಸಂಜೆ ಬಳಗದ ವಾಟ್ಸಾಪಿನಲ್ಲಿ ಅಭಿಮಾನಿಗಳ ಪ್ರತಿಕ್ರಿಯೆ ಉಕ್ಕಿ ಹರಿಯಿತು. ಆದರೆ ನಿಯಮ ನಾಲ್ಕು! ಯಾರೂ ಏನನ್ನೂ ಹೇಳುವಂತಿಲ್ಲ. ನಾನು ಎಣಿಸಿದೆ. ‘ಅಯ್ಯೋ’ ಇಪ್ಪತ್ತೇಳು. ‘ಹಿಂಗ ಆಗಬಾರದಿತ್ತು’ ಹದಿನಾಲ್ಕು. ‘ಏನಾತಂತ ಕೇಳಬ್ಯಾಡ್ರಿ’ ಒಂಬತ್ತು. ‘ಏನಾತು?’ ಆರು. ಒಬ್ಬನಂತೂ ಬರೀ ಒಂದು ನೀರಿನ ಪಂಪಿನ ಚಿತ್ರ ಹಾಕಿ, ಅಧ್ಯಕ್ಷನ ಎಚ್ಚರಿಕೆಗೆ ಹೆದರಿ ತೆಗೆದ.

ಅಷ್ಟರಲ್ಲಿ ನಿಪ್ಪಾಣಿಯ ಅಭಿಮಾನಿಗಳು ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಹಚ್ಚುತ್ತಾರೆಂದು ಸುದ್ದಿ ಬಂತು. ನಮ್ಮ ಕಡೆ ಹುಟ್ಟಿದರೂ ಫ್ಲೆಕ್ಸ್, ಗ್ರಾಮ ಪಂಚಾಯ್ತಿಗೆ ಆರಿಸಿ ಬಂದರೂ ಫ್ಲೆಕ್ಸ್, ಹೋದರೂ ಫ್ಲೆಕ್ಸ್. ಫ್ಲೆಕ್ಸಿಲ್ಲದ ಸಾವನ್ನು ಊರು ಸಾವೆಂದೇ ಒಪ್ಪುವುದಿಲ್ಲ. ಅಂಕಲಿ ಹಿಂದೆ ಬೀಳಬಹುದೇ? ಭಾನುವಾರ ಆರು ಹೊಡೆಯುತ್ತಲೇ ಗುಂಡ್ಯಾನ ಶ್ರದ್ಧಾಂಜಲಿ ಫ್ಲೆಕ್ಸ್ ಸರ್ಕಲ್ಲಿನಲ್ಲಿ ಏರಬೇಕು. ಸೋಮವಾರ ತ್ರಿಶಲಾಳ ಬಸ್ಸು ಬರುವ ಮೊದಲೇ ಇಳಿಯಬೇಕು. ಇದೂ ದಿನಚರಿಯಲ್ಲಿದೆ.

ಶನಿವಾರ ಚಿಕ್ಕೋಡಿಗೆ ಹೋದೆ. ಫ್ಲೆಕ್ಸ್ ಅಂಗಡಿಯ ಬಂಡು ಹಳೆಯ ಪರಿಚಯ.

“ಬರ್ರಿ ಅಧ್ಯಕ್ಷರ. ಹುಟ್ಟಹಬ್ಬೋ, ಆರಿಸಿ ಬಂದದ್ದೋ, ಹೋದದ್ದೋ?”

“ಹೋದದ್ದು.”

“ಅಯ್ಯ! ಯಾರ್ರಿ?”

“ಹೇಳಾಕ ಬರಂಗಿಲ್ಲ. ಎಂಟನೇ ಎಪಿಸೋಡಿನಾಗ...”

ಬಂಡು ಎರಡೂ ಕಿವಿ ಮುಚ್ಚಿಕೊಂಡ. “ಹೇಳಬ್ಯಾಡ್ರಿ! ನಿಮ್ಮ ಕಾಲ ಬೀಳ್ತೀನಿ! ನಾ ಇನ್ನಾ ನಾಲ್ಕನೇದರಾಗ ಅದೀನಿ!”

ನನಗೆ ಅಭಿಮಾನದಿಂದ ಎದೆ ತುಂಬಿತು. ಇಂಥ ಅಭಿಮಾನಿಗೆ ನಾನು ದ್ರೋಹ ಮಾಡುವುದೇ? ಒಂದು ಲಕೋಟೆಯಲ್ಲಿ ‘ಮೃತರ ಹೆಸರು, ದೊಡ್ಡ ಫೋಟೋ ಯಾರದು, ಸಣ್ಣ ಫೋಟೋ ಯಾರದು’ ಎಲ್ಲ ಬರೆದು, ಅಂಟಿಸಿ, ಮೇಲೆ ‘ಮುದ್ರಣದ ಕ್ಷಣದಲ್ಲಿ ಮಾತ್ರ ತೆರೆಯತಕ್ಕದ್ದು’ ಎಂದು ಷರಾ ಹಾಕಿದೆ. ಲಕೋಟೆಯ ಹೊರಗೆ ಕೊಟ್ಟ ಫೋಟೋ ಎರಡು: ಗುಂಡ್ಯಾನದು, ಮತ್ತು ದುಃಖತಪ್ತ ಅಧ್ಯಕ್ಷನಾದ ನನ್ನದು. ನನ್ನ ಫೋಟೋ ಇದ್ದರೆ ಕಂತು ನೋಡಿದ್ದು ಬಯಲಾಗುತ್ತದಲ್ಲ ಎಂದು ಒಮ್ಮೆ ಅನ್ನಿಸಿತು. ಆದರೆ ಅಧ್ಯಕ್ಷನಿಲ್ಲದ ಫ್ಲೆಕ್ಸನ್ನು ಯಾರಾದರೂ ಕಂಡಿದ್ದಾರೆಯೇ? ಹೆಸರಿಲ್ಲದ ಶ್ರದ್ಧಾಂಜಲಿಯ ಸಾಲುಗಳನ್ನೂ ಒಂದು ಚೀಟಿಯಲ್ಲಿ ಬೇರೆಯಾಗಿ ಕೊಟ್ಟೆ. ಕೊನೆಗೆ ಅದೇ ಚೀಟಿಯ ಮೇಲೆ ಸ್ಪಷ್ಟವಾಗಿ ಬರೆದೆ: ‘ಭಾನುವಾರ ೬ಕ್ಕೆ, ಅಂಕಲಿ ಸರ್ಕಲ್.’

ಮುಂಜಾನೆಯೋ ಸಂಜೆಯೋ ಎಂದು ಬರೆಯಲಿಲ್ಲ. ಜೀವಮಾನದ ಶಿಸ್ತಿನಲ್ಲಿ ಅದೊಂದೇ ತೂತು.

ಭಾನುವಾರ ಮುಂಜಾನೆ ಐದೂವರೆಗೆ ನಾನು ಕೆಲಸಕ್ಕೆ ಹೊರಟೆ. ಕಬ್ಬಿನ ಹಂಗಾಮಿನಲ್ಲಿ ಕಾಟಾಕ್ಕೆ ರಜೆಯಿಲ್ಲ; ಭಾನುವಾರ ನನ್ನದು ಮುಂಜಾನೆಯ ಪಾಳಿ. ಮೊಬೈಲನ್ನು ಶುಕ್ರವಾರದಿಂದಲೇ ಆಗಾಗ ಬಂದ್ ಇಡುತ್ತಿದ್ದೆ. ತ್ರಿಶಲಾ ಫೋನು ಮಾಡಿದರೆ ದನಿಯಲ್ಲೇ ಕಳ್ಳ ಸಿಕ್ಕಿಬೀಳುತ್ತಾನೆಂಬ ಭಯ. ಆ ದಿನ ಪೂರ್ತಿ ಬಂದ್ ಇಟ್ಟೆ. ಆರಕ್ಕೆ ಬಂಡುವಿನ ಆಳು ಬಂದು ಫ್ಲೆಕ್ಸ್ ಹಚ್ಚಿ ಹೋದನಂತೆ.

ಎರಡು ಗಂಟೆಗೆ ಪಾಳಿ ಮುಗಿಸಿ ಬೈಕಿನ ಮೇಲೆ ಊರಿಗೆ ಬಂದೆ. ಸರ್ಕಲ್ಲಿನಲ್ಲಿ ಜನ. ಕ್ಷೌರದಂಗಡಿಯವನು ನನ್ನನ್ನು ಕಂಡು ಕತ್ತರಿ ಕೆಳಗೆ ಬಿಟ್ಟ. ತಲೆಯೆತ್ತಿ ನೋಡಿದೆ.

‘ಭಾವಪೂರ್ಣ ಶ್ರದ್ಧಾಂಜಲಿ.’ ಹೂವಿನ ಹಾರದ ನಡುವೆ, ದೀಪದ ಮೇಲ್ಗಡೆ, ಬಾಗಿಲಿನಷ್ಟು ದೊಡ್ಡದಾಗಿ, ನಾನು! ಕೆಳಗೆ ನಾನೇ ಗುಂಡ್ಯಾನಿಗಾಗಿ ಬರೆದ ಸಾಲುಗಳು: ‘ಎಂದೂ ಸಂಬಳ ಕೇಳದ, ಎಂದೂ ಎದುರು ಮಾತಾಡದ, ತನ್ನ ಎದೆಯೊಳಗಿನದನ್ನೇ ಕಿತ್ತುಕೊಟ್ಟು ಇತರರನ್ನು ಬದುಕಿಸಿದ ತ್ಯಾಗಮಯಿ.’ ತೀರ ಕೆಳಗೆ, ‘ದುಃಖತಪ್ತರು’ ಎಂಬಲ್ಲಿ, ಅಂಚೆಚೀಟಿಯಷ್ಟು ಜಾಗದಲ್ಲಿ, ಗುಂಡ್ಯಾ. ನಿಜಕ್ಕೂ ದುಃಖದಲ್ಲಿದ್ದಂತೆಯೇ ಕಾಣುತ್ತಿದ್ದ.

ಮೊಬೈಲ್ ಚಾಲೂ ಮಾಡಿ ಬಂಡುವಿಗೆ ಹಚ್ಚಿದೆ.

“ಲೇ ಬಂಡು! ಲಕೋಟಿ ಯಾಕ ತಗೀಲಿಲ್ಲೋ?”

“ತಗದ್ರ ಯಾರ್ ಸತ್ರಂತ ಗೊತ್ತಾಗತೈತಲ್ರಿ! ತಲಿ ಓಡಿಸಿದ್ನಿ. ಎರಡ ಫೋಟೋ. ಒಂದ ಮಿಶನ್ನು, ಒಂದ ಮನಶ್ಯಾ. ಮಿಶನ್ ಕೆಡತೈತಿ, ಸಾಯಂಗಿಲ್ಲ. ಸಾಯಾವ ಮನಶ್ಯಾನ. ಅದೂ ಅಲ್ದ ನಿಮ್ಮ ಫೋಟೋ ನೋಡಿದ್ರ...”

“ನೋಡಿದ್ರ?”

“ಬಿಡ್ರಿ. ಹಾರಕ್ಕ ಹೊಂದಿಕಿ ಆಗಿತ್ತು.”

“ನಾನ ಬಂದ ಆರ್ಡರ್ ಕೊಟ್ಟಿದ್ನೆಲ್ಲೋ! ಸತ್ತಾವ ಆರ್ಡರ್ ಕೊಡತಾನೇನ?”

“ನೀವು ಶಿಸ್ತಿನ ಮನಶ್ಯಾ. ಎಲ್ಲಾ ಮೊದಲ ಮಾಡಿಸಿ ಇಡಾಕತ್ತೀರಿ ಅನ್ಕೊಂಡ್ನಿ!”

ನನ್ನನ್ನು ಇಷ್ಟು ಸರಿಯಾಗಿ ಅರ್ಥ ಮಾಡಿಕೊಂಡವರು ಕಡಿಮೆ.

ಮನೆಯ ಕಟ್ಟೆಯ ಮೇಲೆ ಮಗ್ಗುಲ ಮನೆಯ ಅಕ್ಕಾತಾಯಿ ಮೌಶಿ ಸೆರಗಿನಿಂದ ಕಣ್ಣೊರೆಸುತ್ತ ಕುಳಿತಿದ್ದಳು. ನನ್ನನ್ನು ನೋಡಿ ಅಳುವುದನ್ನು ನಿಲ್ಲಿಸಿದಳು. ಸ್ವಲ್ಪ ಬೇಸರವಾದಂತೆಯೂ ಕಂಡಿತು.

“ಏನೋ ಶೀತಲ, ಹೃದಯಾ ದಾನ ಮಾಡೀದೆಂತಲ್ಲೋ?”

“ಇಲ್ಲ ಮೌಶಿ, ಅದು ಬ್ಯಾಟರಿ.”

ಒಳಗಿಂದ ಅವ್ವ ಕೂಗಿದಳು. “ನಾ ಮುಂಜಾನಿಂದ ಹೇಳಾಕತ್ತೀನಿ, ನನ್ನ ಮಗ ನಾಕ ರೊಟ್ಟಿ ತಿಂದ ಡ್ಯೂಟಿಗೆ ಹೋಗ್ಯಾನ ಅಂತ. ಒಬ್ಬರೂ ನಂಬವಲ್ರು! ಫ್ಲೆಕ್ಸ್ ಹಚ್ಯಾರಂದ್ರ ಖರೇನ ಇರತೈತಿ ಅಂತಾಳ ಈಕಿ. ಹೆತ್ತಾಕಿ ಮಾತಿಗಿಂತ ಫ್ಲೆಕ್ಸ್ ಹೆಚ್ಚಾತೇನ?”

ಅಷ್ಟರಲ್ಲಿ ಒಂದು ಜೀಪು ಧೂಳೆಬ್ಬಿಸುತ್ತ ಬಂದು ನಿಂತಿತು. ಜುಗೂಳದ ತೋಟದ ಮನೆಯಲ್ಲಿ ವಿಡಿಯೋ ಓಡುವುದಿಲ್ಲ. ಆದರೆ ಫೋಟೋ ಬರುತ್ತದೆ! ನನ್ನ ಫ್ಲೆಕ್ಸಿನ ಫೋಟೋ ಕುಬಸದ ಆರತಿಯ ಹೊತ್ತಿಗೆ ಸರಿಯಾಗಿ ತಲುಪಿತ್ತು. ನನಗೆ ಹಚ್ಚಿದರೆ ಫೋನು ಬಂದ್. ಮೌಶಿಗೆ ಹಚ್ಚಿದರೆ “ಹೌದವಾ, ಸರ್ಕಲ್ಲಿನ್ಯಾಗ ಹಚ್ಯಾರ” ಎಂಬ ಉತ್ತರ. ಬಸುರಿಯನ್ನು ಮಣೆಯ ಮೇಲೆಯೇ ಬಿಟ್ಟು ಮಾವ, ತ್ರಿಶಲಾಳ ಅಣ್ಣ, ತ್ರಿಶಲಾ ಹೊರಟುಬಂದಿದ್ದರು.

ತ್ರಿಶಲಾ ಇಳಿದವಳೇ ಓಡಿಬಂದು ನನ್ನ ಅಂಗಿ ಎರಡೂ ಕೈಯಲ್ಲಿ ಹಿಡಿದು ಅತ್ತಳು. ಇಷ್ಟು ಪ್ರೀತಿಗೆ ನನ್ನ ದಿನಚರಿಯಲ್ಲಿ ಕಾಲಮ್ಮೇ ಇರಲಿಲ್ಲ. ಗಡಿಯಾರ ನೋಡಿದೆ, ಅಭ್ಯಾಸಬಲ. ನಾಲ್ಕು ನಿಮಿಷ ಅತ್ತಳು.

ಆಮೇಲೆ ಮೂಗೊರೆಸಿಕೊಂಡು, ಅಣ್ಣನ ಮೊಬೈಲಿನಲ್ಲಿದ್ದ ಫೋಟೋವನ್ನು ಮತ್ತೊಮ್ಮೆ ಹಿಗ್ಗಿಸಿ ನೋಡಿದಳು.

“ಇದರಾಗ ಗುಂಡ್ಯಾ ಯಾಕ ಅದಾನ?”

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ತಪ್ಪು ಲೆಕ್ಕ ಕಂಡರೆ ತಿದ್ದದೆ ಇರಲಾಗದ ರೋಗ ನನ್ನದು.

“ಅಲಾ, ಆ ಬಂಡು ಅದಲಿ ಬದಲಿ ಮಾಡ್ಯಾನ. ದೊಡ್ಡ ಫೋಟೋ ಗುಂಡ್ಯಾಂದು, ಸಣ್ಣದು ನಂದು.”

ತ್ರಿಶಲಾಳ ಕೈ ನನ್ನ ಅಂಗಿಯನ್ನು ಮೆಲ್ಲಗೆ ಬಿಟ್ಟಿತು.

“ದೊಡ್ಡ ಫೋಟೋ ಸತ್ತವರದು.”

“ಹೂಂ.”

“ಅಂದ್ರ ಗುಂಡ್ಯಾ...”

ನಾನು ನೆಲ ನೋಡಿದೆ.

“ಗುಂಡ್ಯಾ ಸತ್ತದ್ದು ನಿಮಗ ಹೆಂಗ ಗೊತ್ತು?”

“ಸಾರಾಂಶದಾಗ...”

“ಡೈರಿ ಮ್ಯಾಲ ಕೈ ಇಟ್ಟಿದ್ರಿ!”

ಅಷ್ಟು ಹೇಳಿ ಕಟ್ಟೆಯ ಮೇಲೆ ಕುಸಿದು ಕುಳಿತು ಗುಂಡ್ಯಾನಿಗಾಗಿ ಅಳತೊಡಗಿದಳು. “ಪಾಪ, ಒಂದ ದಿನಾ ಯಾರಿಗೂ ಸುಳ್ಳ ಹೇಳಲಿಲ್ಲ” ಎಂದು ಹೇಳಿ ಹೇಳಿ ಅತ್ತಳು. ಹನ್ನೊಂದು ನಿಮಿಷ. ಮೌಶಿಗೆ ಗುಂಡ್ಯಾ ಯಾರೆಂದು ಗೊತ್ತಿರಲಿಲ್ಲ. ಆದರೂ ಮುಂಜಾನೆಯಿಂದ ಉಳಿದಿದ್ದನ್ನು ಅವನ ಹೆಸರಿಗೆ ಅತ್ತು ಮುಗಿಸಿದಳು.

ತ್ರಿಶಲಾಳ ಅಣ್ಣ ಗಡಿಯಾರ ನೋಡಿದ. ಅವನೂ ನಮ್ಮ ಬಳಗದ ಸದಸ್ಯ. “ದಾಜಿ, ಈಗ ಮೂರೂ ನಲವತ್ತು. ಆರರ ಒಳಗ ಹೇಳಿಬಿಟ್ರಿ. ನಾನೂ ನೋಡಿದ್ದಿಲ್ಲ. ಭಜಿ ನಿಮ್ಮ ಮ್ಯಾಲ.”

ಮಾವ ನನ್ನ ಹೆಗಲು ಮುಟ್ಟಿ, ಬಿಸಿ ಇದೆಯೆಂದು ಖಾತ್ರಿ ಮಾಡಿಕೊಂಡು, ಜೀಪು ಹತ್ತಿದರು. ತ್ರಿಶಲಾ ಅವರ ಹಿಂದೆ ಹತ್ತಿದಳು.

“ತ್ರಿಶಲಾ, ಸೋಮವಾರ...”

“ಜೀವಂತ ಅದೀರಿ, ಕಣ್ಣೀಲೆ ನೋಡಿ ಆತು. ಉಳಿದದ್ದು ಹತ್ತನೇದ ಮುಗಿದ ಮ್ಯಾಲ.”

ಒಳಗೆ ಹೋಗಿ ವಾಟ್ಸಾಪ್ ತೆರೆದೆ. ನನ್ನ ಸಾವಿಗೆ ಬಳಗದ ಪ್ರತಿಕ್ರಿಯೆ ಒಟ್ಟು ಹನ್ನೊಂದು. ನಾಲ್ವರು ಕೈ ಮುಗಿದಿದ್ದರು. ನನ್ನ ಖಾತೆಯಲ್ಲೇ ಸರಣಿ ನೋಡುವ ಮೂವರು, ‘ಅಧ್ಯಕ್ಷರ ಪಾಸ್‌ವರ್ಡ್ ಇನ್ನ ಮುಂದೂ ನಡೀತೈತೇನು?’ ಎಂದು ಕೇಳಿದ್ದರು. ಇಬ್ಬರು, ‘ಈ ಪಾತ್ರ ಯಾವ ಕಂತಿನ್ಯಾಗ ಬಂದಿತ್ತು?’ ಎಂದು ವಿಚಾರಿಸಿದ್ದರು. ಒಬ್ಬ ನಿಯಮ ನಾಲ್ಕನ್ನು ಅಕ್ಷರಶಃ ಉದ್ಧರಿಸಿ, ‘ಯಾರ್ ಸತ್ರಂತ ಹಿಂಗ ಬಹಿರಂಗ ಹಾಕಬ್ಯಾಡ್ರಿ, ನಾ ಇನ್ನಾ ಆರನೇದ ನೋಡಾಕತ್ತೀನಿ’ ಎಂದು ಗದರಿಸಿದ್ದ. ಹನ್ನೊಂದನೆಯವನು ತಪ್ಪಿ ಜೋಳದ ಧಾರಣೆ ಹಾಕಿದ್ದ.

ಮುಂದಿನ ಶುಕ್ರವಾರ ಒಂಬತ್ತನೇ ಕಂತು ಬಂತು. ಸಂಜೆ ಊಟಕ್ಕೆ ಕುಳಿತಾಗ ಫೋನು. ತ್ರಿಶಲಾ! ಕರಗಿದಳೆಂದುಕೊಂಡು ತುತ್ತು ಬಿಟ್ಟು ಎತ್ತಿದೆ.

“ಕಾಗವಾಡಕ್ಕ ಹೋಗಿ, ರೇಂಜ್ ಹುಡಕಿ, ಒಬ್ಬಾಕೀನ ನೋಡಿ ಬಂದ್ನಿ. ನೀವು ನೋಡೀರೇನು?”

“ಇಲ್ಲ ತ್ರಿಶಲಾ! ಈ ಸಲ ಖರೇನ ಇಲ್ಲ! ಡೈರಿ ಆಣಿ...”

“ಅದರಾಗ ನೀವು ಸತ್ತೀರಿ ಅಂತ ಬರದಿದ್ರೂ ನಾ ನಂಬಂಗಿಲ್ಲ. ಕೇಳ್ರಿ.” ಎಂದು, ಮೊದಲ ನಿಮಿಷದಿಂದ ಕೊನೆಯ ನಿಮಿಷದವರೆಗೆ, ಒಂದೂ ಬಿಡದೆ, ಸಾರಾಂಶವನ್ನೂ ಸೇರಿಸಿ, ಪೂರ್ತಿ ಕಥೆ ಹೇಳಿದಳು. ಅಧ್ಯಕ್ಷನಾಗಿ ತಡೆಯಬೇಕಿತ್ತು. ಗಂಡನಾಗಿ ತಡೆಯಲಿಲ್ಲ. ಐದು ದಿನವಾಗಿತ್ತು ಆ ದನಿ ಕೇಳಿ. “ಕಡೀಕ ಯಾರೋ ಹೊಸಾ ಬ್ಯಾಟರಿ ಹಾಕ್ಯಾರ. ಗುಂಡ್ಯಾ ಎದ್ದ ಕುಂತಾನ. ಬದುಕ್ಯಾನ್ರಿ!” ಎಂದು ಸಂತೋಷದಿಂದ ಕೂಗಿ, ಫೋನಿಟ್ಟಳು.

ಬಂಡು ಹೇಳಿದ್ದು ಸರಿ. ಮಿಶನ್ ಸಾಯುವುದಿಲ್ಲ.

ಭಾನುವಾರ ಆರು ಹೊಡೆಯುತ್ತಲೇ ಬಳಗದವರು ಸರ್ಕಲ್ಲಿನಲ್ಲಿ ಪಟಾಕಿ ಹಾರಿಸಿ ಪೇಢೆ ಹಂಚಿದರು. ಅಂದು ರಾತ್ರಿ ದಿನಚರಿಯಲ್ಲಿ ಲೆಕ್ಕ ಬರೆದೆ. ಗುಂಡ್ಯಾ ಬದುಕಿ ಬಂದದ್ದಕ್ಕೆ ಸಂತೋಷಪಟ್ಟವರು: ಅರವತ್ತಮೂರು. ನಾನು ಬದುಕಿ ಬಂದದ್ದಕ್ಕೆ: ಒಬ್ಬಳು, ನಾಲ್ಕು ನಿಮಿಷ.

ನನ್ನ ಫ್ಲೆಕ್ಸನ್ನು ಅವ್ವ ಕೊಟ್ಟಿಗೆಯ ಮೇಲೆ ಹೊದಿಸಿದ್ದಾಳೆ. ಮುಖ ಒಳಮಗ್ಗುಲಾಗಿದೆ. ಎಮ್ಮೆ ದಿನವೂ ನನ್ನನ್ನೇ ನೋಡುತ್ತ ಮೆಲುಕು ಹಾಕುತ್ತದೆ. ಪ್ರತಿಕ್ರಿಯೆ, ಇಂದಿನವರೆಗೆ: ಸೊನ್ನೆ.